ಮನೆಯಲ್ಲೇ ಸ್ಪೀಕರ್ ಕಟ್ಟುವವರಿಗೆ: ಯಾವ ಹಂತಕ್ಕೆ ಯಾವ ಸಾಫ್ಟ್‌ವೇರ್?

ಮುಂಬೈಯಲ್ಲಿ ಸ್ಪೀಕರ್ ಕಟ್ಟುವ ಆಸೆ ಹುಟ್ಟುವುದು ಸಾಮಾನ್ಯವಾಗಿ ಲ್ಯಾಮಿಂಗ್ಟನ್ ರೋಡಿನಲ್ಲಿ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಏನೋ ಕೇಬಲ್ ತರಲು ಹೋಗಿರುತ್ತೀರಿ. ಅಂಗಡಿಯ ಮುಂದೆ ಸಾಲಾಗಿ ಇಟ್ಟ ವೂಫರ್‌ಗಳು, ಅಂದರೆ ತಗ್ಗು ಸ್ವರ ನುಡಿಸುವ ದೊಡ್ಡ ಡ್ರೈವರ್‌ಗಳು, ಕಾಣುತ್ತವೆ. ಒಂದು ಜೊತೆ ಕೊಂಡು ಮನೆಗೆ ಬರುತ್ತೀರಿ. ಆಮೇಲೆ ಶುರುವಾಗುತ್ತದೆ ಪ್ರಶ್ನೆ: ಪೆಟ್ಟಿಗೆ ಎಷ್ಟು ದೊಡ್ಡದು ಮಾಡಬೇಕು? ತಗ್ಗು ಸ್ವರವನ್ನು ವೂಫರ್‌ಗೂ ಎತ್ತರದ ಸ್ವರವನ್ನು ಟ್ವೀಟರ್ ಅನ್ನುವ ಸಣ್ಣ ಡ್ರೈವರ್‌ಗೂ ಹಂಚುವ ಕ್ರಾಸ್‌ಓವರ್ ಹೇಗೆ? ಇದಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು?

ನನ್ನನ್ನು ಜಾಸ್ತಿ ಜನ ಕೇಳುವುದು ಈ ಕೊನೆಯ ಪ್ರಶ್ನೆಯನ್ನೇ. ಯಾವುದು ಅತ್ಯುತ್ತಮ, ಒಂದೇ ಹೆಸರು ಹೇಳಿ ಅಂತ. ಒಂದೇ ಹೆಸರು ಹೇಳಲು ಆಗುವುದಿಲ್ಲ. ಸ್ಪೀಕರ್ ವಿನ್ಯಾಸ ಅನ್ನುವುದು ಮೂರು ಬೇರೆ ಬೇರೆ ಕೆಲಸ. ಪೆಟ್ಟಿಗೆಯ ಲೆಕ್ಕ ಒಂದು, ಅಳತೆ ಇನ್ನೊಂದು, ಕ್ರಾಸ್‌ಓವರ್ ಮತ್ತೊಂದು. ಮೂರಕ್ಕೂ ಸಾಫ್ಟ್‌ವೇರ್ ಬೇರೆ. ಜೊತೆಗೆ, ನಿಮ್ಮ ಕೈಯಲ್ಲಿ ಎಂಥ ಅಳತೆ ಇದೆಯೋ ಅಷ್ಟೇ ನಿಜವನ್ನು ಅದು ಹೇಳಬಲ್ಲದು. ಅದಕ್ಕೇ ಸಾಫ್ಟ್‌ವೇರ್ ಆರಿಸುವ ಮೊದಲು "ನಾನು ಏನನ್ನು ಅಳೆಯಬಲ್ಲೆ?" ಅಂತ ಕೇಳಿಕೊಳ್ಳಿ. ಈ ಬರಹ ಸಾಗುವುದು ಆ ದಾರಿಯಲ್ಲೇ.

ಮೊದಲು ಕೋಣೆ, ಆಮೇಲೆ ಕಂಪ್ಯೂಟರ್

ನಾನು ಸ್ಪೀಕರ್ ಕಟ್ಟಿದ್ದು ತಾಳಮದ್ದಳೆ ಕೇಳಲಿಕ್ಕೆ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ಕೂತು ಎದುರಿಗೇ ಕೇಳಿದ ಭಾಗವತರ ಧ್ವನಿ, ಅರ್ಥಧಾರಿಗಳ ಮಾತು ಮನೆಯಲ್ಲೂ ಹಾಗೇ ಕೇಳಬೇಕು ಅನ್ನುವುದು ನನ್ನ ಆಸೆ. ಮೊದಲ ಜೊತೆಯನ್ನು ವೂಫರ್ ಜೊತೆ ಬಂದ ಚೀಟಿಯ ಅಂಕಿಗಳನ್ನು ನಂಬಿ, ಪೋರ್ಟ್, ಅಂದರೆ ಗಾಳಿ ಆಡುವ ಪೈಪ್, ಇಟ್ಟು ಮಾಡಿದೆ. ಹಾಲ್‌ನ ಟಿವಿ ಸ್ಟ್ಯಾಂಡ್ ಮೇಲೆ ಇಟ್ಟು ಹಾಡು ಹಾಕಿದರೆ, ಮಾತೆಲ್ಲ ಕೊಡದೊಳಗಿಂದ ಬಂದ ಹಾಗೆ ಕೇಳಿತು. ಮದ್ದಳೆಯ ಗುಂಯ್ ಅನ್ನುವ ನಾದ ಇಡೀ ಹಾಲ್ ತುಂಬಿಕೊಂಡಿತು. ಪೆಟ್ಟಿಗೆಯ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕೋಣೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅದಕ್ಕೇ ಈಗ ಯಾರಿಗಾದರೂ ಮೊದಲು ಹೇಳುವುದು ಟೇಪ್ ಹಿಡಿದು ಕೋಣೆ ಅಳೆಯಿರಿ ಅಂತ. ಡೊಂಬಿವಿಲಿಯ ಇರಲಿ, ಮುಲುಂಡ್‌ನ ಇರಲಿ, ನಮ್ಮ ಹಾಲ್‌ಗಳು ಹೆಚ್ಚುಕಡಿಮೆ 10 ಅಡಿಗೆ 12 ಅಡಿ. ಶಬ್ದದ ವೇಗ ನಮ್ಮೂರಿನ 30 ಡಿಗ್ರಿ ಸೆಖೆಯಲ್ಲಿ ಸೆಕೆಂಡಿಗೆ ಸುಮಾರು 349 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿ. 12 ಅಡಿ ಅಂದರೆ 3.66 ಮೀಟರ್. ಉತ್ತರ ಸುಮಾರು 48 ಹರ್ಟ್ಜ್. ಆ ಸ್ವರದಲ್ಲಿ ಕೋಣೆ ತಾನೇ ಗುಡುಗುತ್ತದೆ. ನಿಮ್ಮ ಸ್ಪೀಕರ್ ಅದೇ 48ರಲ್ಲಿ ಪೂರ್ತಿ ಶಕ್ತಿ ಕೊಟ್ಟರೆ ಗುಡುಗಿನ ಮೇಲೆ ಗುಡುಗು.

ಇದಕ್ಕೆ ಕೈಲೆಕ್ಕವೇ ಸಾಕು. ಚಿತ್ರವಾಗಿ ನೋಡಬೇಕು ಅಂದರೆ ಆರ್‌ಇಡಬ್ಲ್ಯೂ ಇದೆ, ಅಂದರೆ ರೂಮ್ ಇಕ್ಯೂ ವಿಝರ್ಡ್. ಜಾನ್ ಮಲ್ಕಾಹಿ ಬರೆದ ಉಚಿತ ಸಾಫ್ಟ್‌ವೇರ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಅದರ ರೂಮ್ ಸಿಮ್ಯುಲೇಟರ್‌ನಲ್ಲಿ ಕೋಣೆಯ ಉದ್ದ, ಅಗಲ, ಎತ್ತರ ಕೊಟ್ಟು, ಸ್ಪೀಕರ್ ಮತ್ತು ಕೂರುವ ಜಾಗವನ್ನು ಮೌಸಿನಿಂದ ಎಳೆದಾಡಿ. ಸೋಫಾವನ್ನು ಗೋಡೆಯಿಂದ ಒಂದು ಅಡಿ ಮುಂದೆ ತಂದರೆ ಬೇಸ್ ಎಷ್ಟು ಬದಲಾಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಒಂದು ಸಂಜೆ ಇದಕ್ಕೇ ಕೊಡಿ. ಒಂದು ರೂಪಾಯಿ ಖರ್ಚಿಲ್ಲ.

ಆಮೇಲೆ ಕಾಗದದ ಮೇಲೆ ನಾಲ್ಕು ಸಾಲು ಬರೆದುಕೊಳ್ಳಿ: ಕೋಣೆಯ ಅಳತೆ, ಸ್ಪೀಕರ್ ಗೋಡೆಯಿಂದ ಎಷ್ಟು ದೂರ ನಿಲ್ಲುತ್ತದೆ, ಏನು ಕೇಳುತ್ತೀರಿ, ಎಷ್ಟು ಜೋರಾಗಿ. ಮುಂದೆ ಸಾಫ್ಟ್‌ವೇರ್ ಮುಂದೆ ಕೂತಾಗ ಈ ಕಾಗದ ಪಕ್ಕದಲ್ಲೇ ಇರಲಿ.

ಪೆಟ್ಟಿಗೆಗೆ: ವಿನ್‌ಐಎಸ್‌ಡಿ

ಪೆಟ್ಟಿಗೆಯ ಲೆಕ್ಕಕ್ಕೆ ನನ್ನ ಉತ್ತರ ಸರಳ. ವಿನ್‌ಐಎಸ್‌ಡಿ ಹಾಕಿಕೊಳ್ಳಿ. ಉಚಿತ, ಹಗುರ, ಹಳೆಯ ವಿಂಡೋಸ್ ಲ್ಯಾಪ್‌ಟಾಪಿಗೂ ಸಾಕು.

ಇಲ್ಲಿ ತುಂಬಾ ಹುಡುಕಾಡುವ ಅಗತ್ಯ ಇಲ್ಲ ಅನ್ನಲು ಕಾರಣ ಇದೆ. ಪೆಟ್ಟಿಗೆಯ ಗಣಿತ ಹಳೆಯದು. ನೆವಿಲ್ ಥೀಲ್ 1961ರಲ್ಲಿ ಆಸ್ಟ್ರೇಲಿಯಾದಲ್ಲಿ ಅದನ್ನು ಬರೆದರು. 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಬೆಳೆಸಿದರು. ಡ್ರೈವರ್‌ನ ಚೀಟಿಯಲ್ಲಿ ಕಾಣುವ ಥೀಲ್-ಸ್ಮಾಲ್ ಅಂಕಿಗಳು ಅವರಿಬ್ಬರ ಹೆಸರಿನವೇ. ಬಹುತೇಕ ಎಲ್ಲ ಪೆಟ್ಟಿಗೆ ಸಾಫ್ಟ್‌ವೇರ್‌ಗಳೂ ಒಳಗೆ ಅದೇ ಲೆಕ್ಕ ಮಾಡುತ್ತವೆ. ಅದೇ ಅಂಕಿ ಕೊಟ್ಟರೆ ಅದೇ ಉತ್ತರ ಬರುತ್ತದೆ. ಹಣ ಕೊಟ್ಟು ಕೊಂಡದ್ದು ಹೆಚ್ಚು ನಿಖರ ಅಂತೇನಿಲ್ಲ.

ಡ್ರೈವರ್ ಸೇರಿಸುವಾಗ ಒಂದು ಎಚ್ಚರ. ವಿನ್‌ಐಎಸ್‌ಡಿ ಕೆಲವು ಅಂಕಿಗಳನ್ನು ತಾನೇ ಲೆಕ್ಕ ಹಾಕುತ್ತದೆ. ಎಲ್ಲವನ್ನೂ ನೀವೇ ತುಂಬಲು ಹೋದರೆ, ಚೀಟಿಯಲ್ಲಿ ದಶಾಂಶ ಕತ್ತರಿಸಿರುವುದರಿಂದ, ಒಂದಕ್ಕೊಂದು ತಾಳೆ ಆಗುವುದಿಲ್ಲ ಅಂತ ತಕರಾರು ಮಾಡುತ್ತದೆ. ಕೋನ್‌ನ (ಅಲುಗುವ ತಟ್ಟೆಯ) ಕಂಪನ ಎಷ್ಟು ಬೇಗ ಅಡಗುತ್ತದೆ ಅನ್ನುವ ಅಂಕಿಗಳಲ್ಲಿ ವಿದ್ಯುತ್ತಿನ ಪಾಲಾದ ಕ್ಯೂಇಎಸ್ ಮತ್ತು ಯಾಂತ್ರಿಕ ಪಾಲಾದ ಕ್ಯೂಎಂಎಸ್ ತುಂಬಿ, ಎರಡೂ ಸೇರಿದ ಕ್ಯೂಟಿಎಸ್ ಅನ್ನು ಅದಕ್ಕೇ ಬಿಡಿ. ಆಮೇಲೆ ವೂಫರ್ ತಾನಾಗಿ ಅನುರಣಿಸುವ ಸ್ವರವಾದ ಎಫ್‌ಎಸ್, ಕೋನ್ ಹಿಡಿದಿಡುವ ಸಸ್ಪೆನ್ಷನ್ನಿನಷ್ಟೇ ಸ್ಪ್ರಿಂಗ್ ಗುಣ ಇರುವ ಗಾಳಿಯ ಗಾತ್ರವಾದ ವಿಎಎಸ್, ಕೋನ್‌ನ ವಿಸ್ತೀರ್ಣ, ಕಾಯಿಲ್‌ನ ರೆಸಿಸ್ಟೆನ್ಸ್, ಕೋನ್ ಎಷ್ಟು ಮಿಲಿಮೀಟರ್ ಆಡಬಲ್ಲದು ಅನ್ನುವ ಎಕ್ಸ್‌ಮ್ಯಾಕ್ಸ್ ಕೊಡಿ.

ಒಂದು ಉದಾಹರಣೆ ಹಿಡಿದು ನೋಡೋಣ. 6.5 ಇಂಚಿನ ವೂಫರ್. ಎಫ್‌ಎಸ್ 40 ಹರ್ಟ್ಜ್, ಕ್ಯೂಇಎಸ್ 0.42, ಕ್ಯೂಎಂಎಸ್ 4. ಇವೆರಡರಿಂದ ಕ್ಯೂಟಿಎಸ್ 0.38 ಬರುತ್ತದೆ. ವಿಎಎಸ್ 24 ಲೀಟರ್.

ಮೊದಲು ಎಫ್‌ಎಸ್ ಅನ್ನು ಕ್ಯೂಇಎಸ್‌ನಿಂದ ಭಾಗಿಸಿ. 95 ಬಂತು. ಇದು 50ಕ್ಕಿಂತ ಕೆಳಗಿದ್ದರೆ ಮುಚ್ಚಿದ ಪೆಟ್ಟಿಗೆ, 100ರ ಮೇಲಿದ್ದರೆ ಪೋರ್ಟ್, ನಡುವೆ ಇದ್ದರೆ ಎರಡೂ ಆಗಬಹುದು ಅನ್ನುವುದು ಕಟ್ಟುವವರ ರೂಢಿ. ಅಂದರೆ ನಮ್ಮದು ಎರಡಕ್ಕೂ ಒಗ್ಗುತ್ತದೆ, ಪೋರ್ಟ್ ಕಡೆಗೆ ಸ್ವಲ್ಪ ವಾಲಿದೆ.

ಮುಚ್ಚಿದ ಪೆಟ್ಟಿಗೆ 10 ಲೀಟರ್ ಅಂತ ಹಾಕಿ. ವಿಎಎಸ್ ಅನ್ನು ಪೆಟ್ಟಿಗೆಯ ಲೀಟರ್‌ನಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆದರೆ 1.84. ಕ್ಯೂಟಿಎಸ್ ಅನ್ನು ಅದರಿಂದ ಗುಣಿಸಿದರೆ ಪೆಟ್ಟಿಗೆಯೊಳಗಿನ ಕ್ಯೂ, ಅಂದರೆ ಕ್ಯೂಟಿಸಿ, 0.70. ಎಫ್‌ಎಸ್ ಅನ್ನು ಗುಣಿಸಿದರೆ ಪೆಟ್ಟಿಗೆಯೊಳಗೆ ವೂಫರ್ ಅನುರಣಿಸುವ ಸ್ವರ, 74 ಹರ್ಟ್ಜ್. 0.707ರ ಹತ್ತಿರದ ಕ್ಯೂಟಿಸಿ ಅಂದರೆ ಉಬ್ಬೂ ಇಲ್ಲ, ಬೇಗ ಇಳಿಯುವುದೂ ಇಲ್ಲ, ಸಮತಟ್ಟಾದ ಗೆರೆ. ಸಾಫ್ಟ್‌ವೇರ್ ಕೂಡ ಇದೇ ತೋರಿಸುತ್ತದೆ. ಒಮ್ಮೆ ಕೈಯಿಂದ ಮಾಡಿ ನೋಡಿದರೆ ಅದರ ಮೇಲೆ ನಂಬಿಕೆ ಬರುತ್ತದೆ.

ಈಗ ಅದೇ ವೂಫರ್‌ಗೆ 18 ಲೀಟರ್ ಪೆಟ್ಟಿಗೆ, ಪೋರ್ಟ್ 42 ಹರ್ಟ್ಜ್‌ಗೆ. ಬೇಸ್ ಸುಮಾರು 45 ಹರ್ಟ್ಜ್‌ನಷ್ಟು ತಗ್ಗಿನವರೆಗೂ ಸಿಗುತ್ತದೆ. ನೋಡಿದ ಕೂಡಲೇ ಎಲ್ಲರೂ ಇದನ್ನೇ ಆರಿಸುತ್ತಾರೆ, ನಾನೂ ಅದನ್ನೇ ಮಾಡಿದ್ದೆ. ಆದರೆ ಆ ನಾಲ್ಕು ಸಾಲಿನ ಕಾಗದ ನೋಡಿ. ಕೋಣೆ ಗುಡುಗುವುದು 48ರಲ್ಲಿ. ಪೋರ್ಟ್ ಪೆಟ್ಟಿಗೆ ಅಲ್ಲಿ ಹತ್ತಿರಹತ್ತಿರ ಪೂರ್ತಿ ಶಕ್ತಿ ಕೊಡುತ್ತದೆ. ಮುಚ್ಚಿದ ಪೆಟ್ಟಿಗೆ ಅಲ್ಲಿಗೆ ಬರುವಾಗ ಸುಮಾರು 8 ಡೆಸಿಬೆಲ್ ಇಳಿದಿರುತ್ತದೆ, ಆ ಇಳಿತವನ್ನು ಕೋಣೆಯೇ ತುಂಬಿಕೊಡುತ್ತದೆ. ಗೋಡೆಗೆ ಹತ್ತಿರ ಇಡುವ ಸಣ್ಣ ಹಾಲ್‌ಗೆ, ಮಾತು ಮತ್ತು ಚರ್ಮವಾದ್ಯ ಕೇಳುವವರಿಗೆ, ಮುಚ್ಚಿದ ಪೆಟ್ಟಿಗೆಯೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದೊಡ್ಡ ಮನೆ, ಗೋಡೆಯಿಂದ ಮೂರು ಅಡಿ ದೂರ ಇಡುವ ಅವಕಾಶ ಇದ್ದವರ ಮಾತು ಬೇರೆ.

ಪೋರ್ಟೇ ಬೇಕು ಅನ್ನುವವರು ವಿನ್‌ಐಎಸ್‌ಡಿಯ ಇನ್ನೊಂದು ಗ್ರಾಫ್ ನೋಡಲೇಬೇಕು. ಅದು ಪೋರ್ಟ್‌ನೊಳಗಿನ ಗಾಳಿಯ ವೇಗ. ಸೆಕೆಂಡಿಗೆ 17 ಮೀಟರ್ ದಾಟಿದರೆ ಬುಸ್ ಬುಸ್ ಸದ್ದು ಕೇಳತೊಡಗುತ್ತದೆ. ಮೇಲಿನ 18 ಲೀಟರ್‌ಗೆ 5 ಸೆಂ.ಮೀ. ಒಳವ್ಯಾಸದ ಪೈಪ್ ಹಾಕಿದರೆ ಉದ್ದ ಸುಮಾರು 15 ಸೆಂ.ಮೀ. ಬರುತ್ತದೆ. ಗಾಳಿಯ ವೇಗ ಇಳಿಸಲು 7.5 ಸೆಂ.ಮೀ. ಹಾಕಿದರೆ ಉದ್ದ 36 ಸೆಂ.ಮೀ. ಅಷ್ಟು ಉದ್ದದ ಪೈಪ್ ಈ ಪೆಟ್ಟಿಗೆಯೊಳಗೆ ನೆಟ್ಟಗೆ ಹಿಡಿಸುವುದಿಲ್ಲ. ಇನ್ನೊಂದು ವಿಷಯ: ಹಾರ್ಡ್‌ವೇರ್ ಅಂಗಡಿಯಲ್ಲಿ 63 ಮಿ.ಮೀ. ಪಿವಿಸಿ ಪೈಪ್ ಅಂದರೆ ಅದು ಹೊರವ್ಯಾಸ. ಸಾಫ್ಟ್‌ವೇರ್ ಕೇಳುವುದು ಒಳವ್ಯಾಸ. ಕ್ಯಾಲಿಪರ್ ಇಟ್ಟು ಅಳೆದು ಹಾಕಿ.

ಕೋನ್ ಆಡುವ ದೂರದ ಗ್ರಾಫನ್ನೂ ಬಿಡಬೇಡಿ. ನಿಮ್ಮ ಆಂಪ್ಲಿಫೈಯರ್‌ನ ವ್ಯಾಟ್ ಹಾಕಿ, ಗೆರೆ ಎಕ್ಸ್‌ಮ್ಯಾಕ್ಸ್ ದಾಟುತ್ತದೆಯೇ ನೋಡಿ. ಪೋರ್ಟ್ ಪೆಟ್ಟಿಗೆಯಲ್ಲಿ ಟ್ಯೂನಿಂಗ್‌ಗಿಂತ (ಮೇಲಿನ ಉದಾಹರಣೆಯ 42 ಹರ್ಟ್ಜ್) ಕೆಳಗೆ ಕೋನ್‌ಗೆ ಹಿಡಿತವೇ ಇರುವುದಿಲ್ಲ, ಅಲ್ಲಿ ಗೆರೆ ಸರ್ರನೆ ಏರುತ್ತದೆ.

ಮ್ಯಾಕ್ ಇರುವವರಿಗೆ ವಿನ್‌ಐಎಸ್‌ಡಿ ನೇರವಾಗಿ ಸಿಗುವುದಿಲ್ಲ. ಮುಚ್ಚಿದ ಪೆಟ್ಟಿಗೆ ಮಾಡುವುದಾದರೆ ಮೇಲೆ ಹೇಳಿದ ಎರಡು ಗುಣಾಕಾರವನ್ನು ಸ್ಪ್ರೆಡ್‌ಶೀಟಿನಲ್ಲಿ ಹಾಕಿಕೊಂಡರೆ ಸಾಕು.

ಚೀಟಿಯ ಅಂಕಿ ನಂಬಬಹುದೇ?

ಒಮ್ಮೆ ಒಂದು ಅಂಗಡಿಯಿಂದ ತಂದ ವೂಫರ್‌ನ ಅಂಕಿ ಚೀಟಿಗೆ ಸ್ವಲ್ಪವೂ ಹೊಂದಲಿಲ್ಲ. ಅಂದಿನಿಂದ ಯಾವ ವೂಫರ್ ತಂದರೂ ಮೊದಲು ಅಳೆಯುತ್ತೇನೆ. ಇದಕ್ಕೂ ಆರ್‌ಇಡಬ್ಲ್ಯೂ ಸಾಕು. ಮೈಕ್, ಕೇಬಲ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ, ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್, 100 ಓಮ್‌ನ ಒಂದು ರೆಸಿಸ್ಟರ್, ಎರಡು ಕೇಬಲ್, ನಾಲ್ಕು ಮೊಸಳೆ ಕ್ಲಿಪ್. ರೆಸಿಸ್ಟರ್ ಲ್ಯಾಮಿಂಗ್ಟನ್ ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಹೀಗೆ ಮಾಡಿ. ಹೆಡ್‌ಫೋನ್ ಔಟ್‌ಪುಟ್ ಅನ್ನು ರೆಸಿಸ್ಟರ್ ಮೂಲಕ ವೂಫರ್‌ಗೆ ಕೊಡಿ. ಒಂದು ಇನ್‌ಪುಟ್ ರೆಸಿಸ್ಟರ್‌ಗಿಂತ ಮೊದಲು, ಇನ್ನೊಂದು ಅದರ ನಂತರ, ವೂಫರ್‌ನ ತುದಿಯಲ್ಲಿ. ಯಾವುದು ಎಡ, ಯಾವುದು ಬಲ ಅನ್ನುವುದು ಆರ್‌ಇಡಬ್ಲ್ಯೂನ ಸಹಾಯ ಪುಟದ ಚಿತ್ರದಲ್ಲಿದೆ. ಅದನ್ನು ನೋಡಿಯೇ ಜೋಡಿಸಿ. ಮೊದಲು ಕ್ಲಿಪ್‌ಗಳನ್ನು ಬಿಡಿಯಾಗಿ ಬಿಟ್ಟು, ಆಮೇಲೆ ಒಂದಕ್ಕೊಂದು ಮುಟ್ಟಿಸಿ, ಕೊನೆಗೆ ಎಷ್ಟು ಓಮ್ ಅಂತ ಗೊತ್ತಿರುವ ರೆಸಿಸ್ಟರ್ ಹಾಕಿ, ಹೀಗೆ ಮೂರು ಸಲ ಕ್ಯಾಲಿಬ್ರೇಟ್ ಮಾಡಿ. ಈ ಜೋಡಣೆಗೆ ದೊಡ್ಡ ಆಂಪ್ಲಿಫೈಯರ್ ಹಾಕಬೇಡಿ, ಇಂಟರ್‌ಫೇಸ್‌ನ ಇನ್‌ಪುಟ್ ಸುಟ್ಟು ಹೋದೀತು.

ವೂಫರನ್ನು ನೆಟ್ಟಗೆ ನಿಲ್ಲಿಸಿ ಒಂದು ಸ್ವೀಪ್, ಅಂದರೆ ತಗ್ಗಿನಿಂದ ಎತ್ತರಕ್ಕೆ ಏರುತ್ತಾ ಹೋಗುವ ಪರೀಕ್ಷೆಯ ಸ್ವರ, ಕೊಡಿ. ಪ್ರತಿ ಸ್ವರದಲ್ಲೂ ವೂಫರ್ ವಿದ್ಯುತ್ತಿಗೆ ಒಡ್ಡುವ ತಡೆಯನ್ನು ತೋರಿಸುವ ಇಂಪೀಡೆನ್ಸ್ ಗೆರೆಯಲ್ಲಿ ಗುಡ್ಡದ ಹಾಗೆ ಏರಿದ ಜಾಗವೇ ಎಫ್‌ಎಸ್. ಎರಡನೆಯ ಸ್ವೀಪ್ ಕೋನ್ ಮೇಲೆ ತೂಕ ಅಂಟಿಸಿ. 6.5 ಇಂಚಿನ ವೂಫರ್‌ಗೆ 10 ಗ್ರಾಂ ಆಸುಪಾಸು ಸಾಕು. ಮಕ್ಕಳು ಆಡುವ ಬಣ್ಣದ ಮೇಣದ ಮುದ್ದೆ ಚೆನ್ನಾಗಿ ಅಂಟುತ್ತದೆ. ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಗುಡ್ಡ ಕಾಲುಭಾಗದಷ್ಟು ಕೆಳಗೆ ಜರುಗಿದರೆ ಸರಿ. ಎರಡು ಗೆರೆಗಳನ್ನೂ ಥೀಲ್-ಸ್ಮಾಲ್ ಕಿಟಕಿಯಲ್ಲಿ ಕೊಟ್ಟರೆ ಎಲ್ಲ ಅಂಕಿ ಹೊರಗೆ ಬೀಳುತ್ತದೆ.

ಬಂದ ಅಂಕಿ ಚೀಟಿಗಿಂತ ಬೇರೆ ಇದ್ದರೆ ಗಾಬರಿ ಬೇಡ. ಎಷ್ಟೋ ಜನ ವೂಫರ್ ವಾಪಸ್ ಕೊಡಲು ಓಡುವುದು ಇಲ್ಲೇ. ಹೊಸ ವೂಫರ್‌ನ ಸಸ್ಪೆನ್ಷನ್ ಬಿಗಿಯಾಗಿದ್ದರೆ ಎಫ್‌ಎಸ್ 40ರ ಬದಲು 46 ಬರಬಹುದು. ಆಗ ಕ್ಯೂಟಿಎಸ್ ಕೂಡ ಅದೇ ಪ್ರಮಾಣದಲ್ಲಿ ಏರಿ 0.437 ಆಗುತ್ತದೆ, ವಿಎಎಸ್ 18ಕ್ಕೆ ಇಳಿಯುತ್ತದೆ. ಮೂರೂ ಅಂಕಿ ಬದಲಾಯಿತು ಅಲ್ವಾ? ಈಗ ಅದೇ 10 ಲೀಟರ್ ಪೆಟ್ಟಿಗೆಗೆ ಹಾಕಿ ನೋಡಿ. ಕ್ಯೂಟಿಸಿ 0.73, 77 ಹರ್ಟ್ಜ್. ಮೊದಲು 0.70, 74. ಕಿವಿಗೆ ಗೊತ್ತೇ ಆಗದ ವ್ಯತ್ಯಾಸ. ಪೆಟ್ಟಿಗೆಯೊಳಗಿನ ಗಾಳಿಯೇ ಮುಖ್ಯ ಸ್ಪ್ರಿಂಗ್ ಆಗುವುದರಿಂದ ಸಸ್ಪೆನ್ಷನ್ನಿನ ವ್ಯತ್ಯಾಸ ಬಹುಪಾಲು ಅಡಗಿ ಹೋಗುತ್ತದೆ. ಹಾಗಾಗಿ ಎಫ್‌ಎಸ್ ಅನ್ನು ಕ್ಯೂಟಿಎಸ್‌ನಿಂದ ಭಾಗಿಸಿದ ಅಂಕಿ ಚೀಟಿಯದಕ್ಕೆ ಹತ್ತಿರ ಇದೆಯೇ ನೋಡಿ. ಇಲ್ಲಿ ಎರಡೂ ಸಲ 105. ಅದೇ ತುಂಬಾ ಬೇರೆ ಬಂದರೆ ಮ್ಯಾಗ್ನೆಟ್ ಇಲ್ಲವೇ ಕೋನ್ ಬೇರೆಯದು ಅಂತ ಅರ್ಥ. ಆಗ ಪೆಟ್ಟಿಗೆಯ ಲೆಕ್ಕ ಮೊದಲಿನಿಂದ ಮಾಡಬೇಕು.

ಪೆಟ್ಟಿಗೆಯ ಚಿತ್ರ

ಇದಕ್ಕೆ ಫ್ರೀಕ್ಯಾಡ್, ಸ್ಕೆಚ್‌ಅಪ್ ಕಲಿಯಬಹುದು. ನಾಲ್ಕು ಮೂಲೆಯ ಪೆಟ್ಟಿಗೆಗೆ ಚೌಕುಳಿ ಕಾಗದ ಸಾಕು ಅನ್ನುವುದು ನನ್ನ ಅನುಭವ. 10 ಲೀಟರ್ ಬೇಕಾದರೆ ಡ್ರೈವರ್‌ನ ಹಿಂಭಾಗ ಮತ್ತು ಒಳಗಿನ ಅಡ್ಡಪಟ್ಟಿಗಾಗಿ ಒಂದು ಲೀಟರ್ ಸೇರಿಸಿ. ಒಳ ಅಳತೆ 17 ಗುಣಿಸು 30 ಗುಣಿಸು 21.6 ಸೆಂ.ಮೀ. ಅಂದರೆ 11 ಲೀಟರ್. 18 ಮಿ.ಮೀ. ಪ್ಲೈವುಡ್‌ನಲ್ಲಿ ಹೊರ ಅಳತೆ 20.6 ಅಗಲ, 33.6 ಎತ್ತರ, 25.2 ಆಳ. ಹಲಗೆಯ ದಪ್ಪ ಅಂಗಡಿಯವರು ಹೇಳಿದಷ್ಟೇ ಇರುವುದಿಲ್ಲ, ಕಾರ್ಪೆಂಟರ್‌ಗೆ ಕೊಡುವ ಮೊದಲು ಅಳೆಯಿರಿ.

ಎಂಡಿಎಫ್ ಬೇಡ ಅಂತಲ್ಲ. ಆದರೆ ನಮ್ಮ ಮಳೆಗಾಲ ಜೂನ್‌ನಿಂದ ಸೆಪ್ಟೆಂಬರ್. ಬಣ್ಣ ಬಳಿಯದೆ ಬಿಟ್ಟ ಎಂಡಿಎಫ್ ಅಂಚು ನೀರು ಹೀರಿ ಉಬ್ಬುತ್ತದೆ. ಐಎಸ್ 710 ಗುರುತಿನ ಮರೈನ್ ಪ್ಲೈ ತೆಗೆದುಕೊಂಡರೆ ನೆಮ್ಮದಿ.

ಫ್ಲಾಟಿನೊಳಗೆ ಅಳತೆ

ಕ್ರಾಸ್‌ಓವರ್ ಸಾಫ್ಟ್‌ವೇರ್ ಆರಿಸುವ ಮೊದಲು ಈ ಹಂತ ಬರಬೇಕು. ವೂಫರ್, ಟ್ವೀಟರ್ ಎರಡನ್ನೂ ಪೆಟ್ಟಿಗೆಯಲ್ಲಿ ಕೂರಿಸಿ, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಮೈಕ್‌ನಿಂದ ಅಳೆದು, ಎರಡೆರಡು ಫೈಲ್ ಮಾಡಿಕೊಳ್ಳಬೇಕು. ಎಫ್‌ಆರ್‌ಡಿ ಅನ್ನುವ ಫೈಲಿನಲ್ಲಿ ಶಬ್ದದ ಮಟ್ಟ ಮತ್ತು ಫೇಸ್, ಅಂದರೆ ಅಲೆ ತನ್ನ ಸುತ್ತಿನ ಯಾವ ಹಂತದಲ್ಲಿದೆ ಅನ್ನುವುದು. ಝಡ್‌ಎಂಎ ಅನ್ನುವುದರಲ್ಲಿ ಇಂಪೀಡೆನ್ಸ್. ಎರಡೂ ಬರೀ ಅಂಕಿಗಳ ಪಠ್ಯ ಫೈಲುಗಳು. ಯಾವ ಸಾಫ್ಟ್‌ವೇರ್ ಆದರೂ ಓದುತ್ತದೆ. ಆದ್ದರಿಂದ ನಾಳೆ ಸಾಫ್ಟ್‌ವೇರ್ ಬದಲಾಯಿಸಿದರೂ ಈ ಶ್ರಮ ವ್ಯರ್ಥವಾಗುವುದಿಲ್ಲ.

ಮೈಕ್ ಕೊಳ್ಳುವಾಗಲೇ ನಿಮ್ಮ ಮುಂದಿನ ದಾರಿ ಅರ್ಧ ನಿರ್ಧಾರವಾಗುತ್ತದೆ. ಯುಮಿಕ್-1 ಥರದ ಯುಎಸ್‌ಬಿ ಮೈಕ್ ಬಳಸಲು ಸುಲಭ, ಕೋಣೆ ಅಳೆಯಲು ಚೆನ್ನ. ಆದರೆ ವೂಫರ್‌ನ ಸದ್ದು ಟ್ವೀಟರ್‌ಗಿಂತ ಎಷ್ಟು ತಡವಾಗಿ ಮೈಕ್ ಮುಟ್ಟಿತು ಅನ್ನುವ ಸಮಯವನ್ನು ಅದು ತಾನಾಗಿ ಹಿಡಿಯುವುದಿಲ್ಲ. ಆರ್‌ಇಡಬ್ಲ್ಯೂನಲ್ಲಿ ಇನ್ನೊಂದು ಸ್ಪೀಕರ್‌ನಿಂದ ಚಿರ್ರ್ ಅನ್ನುವ ಗುರುತಿನ ಸದ್ದು ಕೊಟ್ಟು ಅದನ್ನು ಸರಿದೂಗಿಸಬಹುದು. 48 ವೋಲ್ಟ್ ಫ್ಯಾಂಟಮ್ ಪವರ್‌ನ (ಕೇಬಲ್ ಮೂಲಕವೇ ಮೈಕ್‌ಗೆ ಬರುವ ವಿದ್ಯುತ್ತಿನ) ಅಳತೆ ಮೈಕ್, ಜೊತೆಗೆ ಎರಡು ಇನ್‌ಪುಟ್‌ನ ಇಂಟರ್‌ಫೇಸ್ ಇದ್ದರೆ ಎರಡನೇ ಇನ್‌ಪುಟ್‌ಗೆ ಔಟ್‌ಪುಟ್ಟನ್ನೇ ಸುತ್ತಿ ಕೊಟ್ಟು ಸಮಯವನ್ನು ಖಚಿತವಾಗಿ ಹಿಡಿಯಬಹುದು. ಇಂಪೀಡೆನ್ಸ್ ಅಳೆಯಲು ಹೇಗೂ ಇಂಟರ್‌ಫೇಸ್ ಬೇಕಲ್ಲ, ನಾನು ಹೇಳುವುದು ಎರಡನೆಯ ದಾರಿಯನ್ನೇ.

ಸಮಯಕ್ಕೆ ಇಷ್ಟು ಬೆಲೆ ಯಾಕೆ? 2500 ಹರ್ಟ್ಜ್‌ನಲ್ಲಿ ಒಂದು ಅಲೆಯ ಉದ್ದ 14 ಸೆಂ.ಮೀ. ವೂಫರ್‌ನ ಕಾಯಿಲ್ ಟ್ವೀಟರ್‌ಗಿಂತ 2.5 ಸೆಂ.ಮೀ. ಹಿಂದಿದ್ದರೆ ಎರಡರ ಫೇಸ್ ನಡುವೆ 64 ಡಿಗ್ರಿ ಅಂತರ. ಅದನ್ನು ಬಿಟ್ಟು ಮಾಡಿದ ಕ್ರಾಸ್‌ಓವರ್ ಪರದೆಯ ಮೇಲೆ ನೆಟ್ಟಗೆ ಕಂಡರೂ ಕೋಣೆಯಲ್ಲಿ ಮಾತಿನ ಸ್ಪಷ್ಟತೆಯ ಜಾಗದಲ್ಲೇ ಗುಂಡಿ ಬೀಳುತ್ತದೆ.

ಇನ್ನು ಕೋಣೆಯ ಪ್ರತಿಧ್ವನಿ. ಸ್ಪೀಕರ್ ಮತ್ತು ಮೈಕ್ ಎರಡೂ ನೆಲದಿಂದ ಒಂದು ಮೀಟರ್ ಎತ್ತರ, ನಡುವೆ ಒಂದು ಮೀಟರ್ ಅಂತರ ಅಂದುಕೊಳ್ಳಿ. ನೆಲಕ್ಕೆ ಬಡಿದು ಬರುವ ಸದ್ದು 1.24 ಮೀಟರ್ ಹೆಚ್ಚು ದೂರ ಓಡಿ ಸುಮಾರು 3.5 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಆರ್‌ಇಡಬ್ಲ್ಯೂನಲ್ಲಿ ಆ ಸದ್ದು ಬರುವ ಮೊದಲೇ ಅಳತೆಯನ್ನು ಕತ್ತರಿಸಿ. ಹಾಗೆ ಕತ್ತರಿಸಿದರೆ ಸುಮಾರು 280 ಹರ್ಟ್ಜ್‌ಗಿಂತ ಕೆಳಗಿನದು ನಂಬಿಕೆಗೆ ಸಲ್ಲುವುದಿಲ್ಲ. ಅದಕ್ಕೆ ಮೈಕನ್ನು ವೂಫರ್‌ನ ಕೋನ್‌ಗೆ ಅರ್ಧ ಸೆಂ.ಮೀ. ಹತ್ತಿರ ಹಿಡಿದು ಇನ್ನೊಂದು ಅಳತೆ ತೆಗೆದು, ಎರಡನ್ನೂ ಹೊಲಿಯಬೇಕು.

ಲೋಕಲ್ ರೈಲು, ಹಾರ್ನ್, ಕೆಳಗಿನ ತರಕಾರಿ ಗಾಡಿಯವರ ಕೂಗು ಇದ್ದದ್ದೇ. ಜೋರು ಮಾಡುವ ಬದಲು ಸ್ವೀಪ್ ಉದ್ದ ಮಾಡಿ. ಉದ್ದ ಎರಡರಷ್ಟಾದರೆ ಗದ್ದಲದ ಎದುರು 3 ಡೆಸಿಬೆಲ್ ಲಾಭ. ಮಧ್ಯಾಹ್ನ ಎರಡರಿಂದ ನಾಲ್ಕು ನನಗೆ ಒಗ್ಗಿದ ಹೊತ್ತು. ಪಕ್ಕದ ಮನೆಯವರಿಗೆ ಮೊದಲೇ ಹೇಳಿ ಬನ್ನಿ, ಊಂಯ್ ಅನ್ನುವ ಸದ್ದು ಕೇಳಿ ಅವರು ಹೆದರಬಾರದು. ಟ್ವೀಟರ್‌ಗೆ ಮಾತ್ರ 20 ಹರ್ಟ್ಜ್‌ನಿಂದ ಸ್ವೀಪ್ ಕೊಡಲೇಬೇಡಿ. 500ರ ಮೇಲಿನಿಂದ, ಸಣ್ಣ ದನಿಯಲ್ಲಿ, ಕಾಪಾಡಲು ಒಂದು ಕೆಪಾಸಿಟರ್ ಸರಣಿಯಲ್ಲಿ ಹಾಕಿ.

ಕ್ರಾಸ್‌ಓವರ್‌ಗೆ: ಎಕ್ಸ್‌ಸಿಮ್ ಅಥವಾ ವಿಟುಯಿಕ್ಸ್‌ಕ್ಯಾಡ್

ಸಾಫ್ಟ್‌ವೇರ್‌ಗಳ ನಡುವೆ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಉಚಿತವಾದ ಎರಡರ ಬಗ್ಗೆ ಹೇಳುತ್ತೇನೆ.

ಬಿಲ್ ವಾಸ್ಲೋ ಅವರ ಎಕ್ಸ್‌ಸಿಮ್ ಒಂದು ಸಂಜೆಯಲ್ಲಿ ಕಲಿಯಬಹುದಾದದ್ದು. ಕಾಯಿಲ್, ಕೆಪಾಸಿಟರ್, ರೆಸಿಸ್ಟರ್ ಎಳೆದು ತಂದು ಜೋಡಿಸಿ, ಫೈಲ್ ಕೊಟ್ಟು, ಅವುಗಳ ಮೌಲ್ಯ ಹೆಚ್ಚುಕಡಿಮೆ ಮಾಡುತ್ತಾ ಹೋದರೆ ಗೆರೆ ಕಣ್ಣೆದುರೇ ಬಾಗುತ್ತದೆ. ಯಾವ ಭಾಗ ಏನು ಮಾಡುತ್ತದೆ ಅನ್ನುವುದು ಬೆರಳಿಗೆ ಹತ್ತುವುದು ಹೀಗೆಯೇ. ಹೊಸಬರು ಎರಡು ವಾರ ಇದರಲ್ಲೇ ಇರಲಿ.

ವಿಟುಯಿಕ್ಸ್‌ಕ್ಯಾಡ್ ಫಿನ್ಲೆಂಡಿನ ಕಿಮ್ಮೊ ಸೌನಿಸ್ಟೊ ಅವರದು. ಮನೆಬಳಕೆಗೆ ಉಚಿತ. ಪೆಟ್ಟಿಗೆಯ ಲೆಕ್ಕ, ಚೀಟಿಯ ಗ್ರಾಫನ್ನು ಅಂಕಿಯಾಗಿ ಬದಲಿಸುವುದು, ಹತ್ತಿರದ ಮತ್ತು ದೂರದ ಅಳತೆ ಹೊಲಿಯುವುದು, ಕ್ರಾಸ್‌ಓವರ್, ಭಾಗಗಳ ಸರಿಯಾದ ಮೌಲ್ಯವನ್ನು ತಾನೇ ಹುಡುಕುವ ಆಪ್ಟಿಮೈಸರ್, ಎಲ್ಲ ಒಂದೇ ಕಡೆ. ಇದರ ದೊಡ್ಡ ಶಕ್ತಿ ಪಕ್ಕದಿಂದ ಅಳೆದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಸಣ್ಣ ಹಾಲ್‌ನಲ್ಲಿ ನೀವು ಕೇಳುವ ಸದ್ದಿನಲ್ಲಿ ಬಹಳಷ್ಟು ಪಕ್ಕದ ಗೋಡೆಗೆ ಬಡಿದು ಬಂದದ್ದು. ನೇರ ಗೆರೆ ಮಾತ್ರ ಚೆನ್ನಾಗಿದ್ದು ಪಕ್ಕದ್ದು ಕೆಟ್ಟಿದ್ದರೆ ಕಿವಿಗೆ ಕರ್ಕಶ. ಸ್ಪೀಕರನ್ನು ತಿರುಗುವ ಹಲಗೆ ಮೇಲಿಟ್ಟು 0, 15, 30, 45, 60 ಡಿಗ್ರಿ ಹೀಗೆ ತಿರುಗಿಸಿ ಅಳೆಯುವ ತಾಳ್ಮೆ ಇದ್ದರೆ ವಿಟುಯಿಕ್ಸ್‌ಕ್ಯಾಡ್‌ಗೆ ಬನ್ನಿ. ನೇರ ಅಳತೆ ಮಾತ್ರ ಇದ್ದರೆ ಅದರ ಆರು ಗ್ರಾಫ್‌ಗಳಲ್ಲಿ ಅರ್ಧದಷ್ಟು ನಿಮಗೆ ಏನೂ ಹೇಳುವುದಿಲ್ಲ. ಆಗ ಎಕ್ಸ್‌ಸಿಮ್ ಸಾಕು.

ಅಳತೆಯೇ ಇಲ್ಲದೆ ಕಂಪನಿಯ ಗ್ರಾಫ್ ಮೇಲೆ ಕ್ರಾಸ್‌ಓವರ್ ಮಾಡಬಹುದೇ? ಯಾವ ವೂಫರ್‌ಗೆ ಯಾವ ಟ್ವೀಟರ್ ಒಗ್ಗುತ್ತದೆ ಅಂತ ಅಂದಾಜು ಮಾಡಲು ಮಾಡಿ. ಆ ಲೆಕ್ಕ ನಂಬಿ ಕಾಯಿಲ್, ಕೆಪಾಸಿಟರ್ ಕೊಳ್ಳಬೇಡಿ. ಕಂಪನಿಯವರು ಅಳೆಯುವುದು ದೊಡ್ಡ ಹಲಗೆಯ ಮೇಲೆ, ನಿಮ್ಮದು 20 ಸೆಂ.ಮೀ. ಅಗಲದ ಪೆಟ್ಟಿಗೆ.

ಆ ಅಗಲದ ಬಗ್ಗೆ ಒಂದು ಮಾತು. ಸ್ವರ ತಗ್ಗಿದಂತೆ ಸದ್ದು ಪೆಟ್ಟಿಗೆಯ ಮುಖವನ್ನು ಬಳಸಿಕೊಂಡು ಹಿಂದಕ್ಕೂ ಹರಡುತ್ತದೆ. ಮುಂದೆ ಕೂತವರಿಗೆ 6 ಡೆಸಿಬೆಲ್‌ವರೆಗೆ ನಷ್ಟ. 115 ಅನ್ನು ಮೀಟರಿನಲ್ಲಿ ಅಗಲದಿಂದ ಭಾಗಿಸಿ. 0.206ಕ್ಕೆ ಸುಮಾರು 560 ಹರ್ಟ್ಜ್. ಅಲ್ಲಿ ಅರ್ಧ ಇಳಿದಿರುತ್ತದೆ. ಕ್ರಾಸ್‌ಓವರ್‌ನಲ್ಲಿ ಪೂರ್ತಿ 6 ಡೆಸಿಬೆಲ್ ತುಂಬಿಕೊಡಿ ಅಂತ ಹಲವು ಕಡೆ ಹೇಳುತ್ತಾರೆ. ಅದು ಗೋಡೆಯಿಂದ ದೂರ ನಿಲ್ಲುವ ಸ್ಪೀಕರ್‌ಗೆ. ನಮ್ಮ ಟಿವಿ ಸ್ಟ್ಯಾಂಡ್ ಮೇಲಿನ ಸ್ಪೀಕರ್‌ಗೆ ಹಿಂದಿನ ಗೋಡೆಯೇ ಆ ಸದ್ದನ್ನು ವಾಪಸ್ ಕಳಿಸುತ್ತದೆ. 3 ಡೆಸಿಬೆಲ್‌ನಿಂದ ಶುರು ಮಾಡಿ. ನನ್ನ ಎರಡನೇ ಜೊತೆಯಲ್ಲಿ ಆ ಕೊಡದ ಸದ್ದು ಹೋಗಿದ್ದು ಮುಚ್ಚಿದ ಪೆಟ್ಟಿಗೆ ಮತ್ತು ಈ 3 ಡೆಸಿಬೆಲ್, ಎರಡೂ ಸೇರಿ.

ಭಾಗಗಳ ನಿಜ ಮೌಲ್ಯವನ್ನೇ ಸಾಫ್ಟ್‌ವೇರ್‌ಗೆ ಕೊಡಿ. ಅಂಗಡಿಯ ಕಾಯಿಲ್‌ಗೆ ತಂತಿಯ ರೆಸಿಸ್ಟೆನ್ಸ್ ಇರುತ್ತದೆ. ಅರ್ಧ ಓಮ್ ಇದ್ದರೂ ವೂಫರ್‌ನ ಮಟ್ಟ ಇಳಿಯುತ್ತದೆ, ಕ್ಯೂಟಿಸಿ ಏರುತ್ತದೆ. ಬೈಪೋಲಾರ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೇಲೆ ಬರೆದದ್ದಕ್ಕೂ ಒಳಗಿರುವುದಕ್ಕೂ ಅಂತರ ಇರಬಹುದು. ಕಾಯಿಲ್, ಕೆಪಾಸಿಟರ್, ರೆಸಿಸ್ಟರ್ ಅಳೆಯುವ ಎಲ್‌ಸಿಆರ್ ಮೀಟರ್‌ನಲ್ಲಿ ಅಳೆಯಿರಿ. ಕೊನೆಗೆ ಇಂಪೀಡೆನ್ಸ್ ಗ್ರಾಫ್ ನೋಡಿ. ಅದು ಎಲ್ಲಾದರೂ 3 ಓಮ್‌ಗಿಂತ ಕೆಳಗಿಳಿದರೆ ಸಣ್ಣ ಆಂಪ್ಲಿಫೈಯರ್ ಬಿಸಿಯಾಗುತ್ತದೆ, ಜೋಡಣೆ ಬದಲಿಸಿ.

ಉಳಿದವು

ಹಾರ್ನ್ ಅಥವಾ ಟ್ರಾನ್ಸ್‌ಮಿಷನ್ ಲೈನ್ (ಒಳಗೆ ಉದ್ದ ಕೊಳವೆಯಂಥ ದಾರಿ ಇರುವ ಪೆಟ್ಟಿಗೆಗಳು) ಆಸೆ ಇದ್ದರೆ ಡೇವಿಡ್ ಮ್ಯಾಕ್‌ಬೀನ್ ಅವರ ಹಾರ್ನ್‌ರೆಸ್ಪ್, ಅದೂ ಉಚಿತ. ಪರದೆ ಹಳೆಯ ಕಾಲದ್ದು, ಲೆಕ್ಕ ಗಟ್ಟಿ. ಮೊದಲ ಸ್ಪೀಕರ್‌ಗೆ ಬೇಡ. ಕಾಯಿಲ್, ಕೆಪಾಸಿಟರ್ ಬದಲು ಡಿಎಸ್‌ಪಿಯಿಂದ, ಅಂದರೆ ಸದ್ದನ್ನು ಅಂಕಿಗಳಾಗಿಸಿ ಲೆಕ್ಕ ಮಾಡುವ ಚಿಪ್‌ನಿಂದ, ಕ್ರಾಸ್‌ಓವರ್ ಮಾಡುವವರಿಗೂ ವಿಟುಯಿಕ್ಸ್‌ಕ್ಯಾಡ್ ಆಗುತ್ತದೆ. ಪ್ರತಿ ಡ್ರೈವರ್‌ಗೂ ಬೇರೆ ಆಂಪ್ಲಿಫೈಯರ್ ಚಾನಲ್ ಬೇಕಾದರೂ, ತಪ್ಪು ಮಾಡಿದರೆ ಬೆಸುಗೆ ಬಿಚ್ಚುವ ಕೆಲಸ ಇಲ್ಲ. ಫೋನಿನ ಆ್ಯಪ್‌ಗಳನ್ನು ಪೆಟ್ಟಿಗೆಯ ಅಂದಾಜಿಗೆ ಬಳಸಿ, ಅಳತೆಗೆ ಬೇಡ. ಫೋನಿನ ಮೈಕ್ ಅಳತೆಗೆಂದು ಮಾಡಿದ್ದಲ್ಲ.

ಕೇಳುವುದು

ಕ್ರಾಸ್‌ಓವರನ್ನು ಮೊದಲು ಹಲಗೆಯ ತುಂಡಿನ ಮೇಲೆ, ಪೆಟ್ಟಿಗೆಯ ಹೊರಗೇ ಜೋಡಿಸಿ. ಒಮ್ಮೆ ಪೂರ್ತಿ ಸ್ಪೀಕರ್ ಅಳೆದು, ಸಾಫ್ಟ್‌ವೇರ್ ಹೇಳಿದ ಗೆರೆಯ ಮೇಲಿಟ್ಟು ನೋಡಿ. 300 ಹರ್ಟ್ಜ್ ಮೇಲೆ ಎರಡೂ ಒಂದು ಡೆಸಿಬೆಲ್ ಆಸುಪಾಸು ಕೂಡಿದರೆ ಅಳತೆ ಸರಿಯಾಗಿತ್ತು ಅಂತ ಅರ್ಥ. ಕೂಡದಿದ್ದರೆ ಟ್ವೀಟರ್‌ನ ತಂತಿ ಉಲ್ಟಾ ಇದೆಯೇ ಅಂತ ಮೊದಲು ನೋಡಿ.

ಆಮೇಲೆ ಗೊತ್ತಿರುವ ಧ್ವನಿ ಹಾಕಿ. ನಾನು ಹಾಕುವುದು ಚೆಂಡೆ ಮತ್ತು ಮಾತು ಎರಡೂ ಇರುವ ರೆಕಾರ್ಡಿಂಗ್. ಚೆಂಡೆಯ ಪೆಟ್ಟು ಬಿದ್ದ ಕೂಡಲೇ ನಿಲ್ಲಬೇಕು, ಅರ್ಥಧಾರಿಯ ಸ, ಶ ಕಿವಿಗೆ ಚುಚ್ಚಬಾರದು. ಚುಚ್ಚಿದರೆ ಟ್ವೀಟರ್‌ನ ಮುಂದಿನ ರೆಸಿಸ್ಟರನ್ನು ಅರ್ಧ ಡೆಸಿಬೆಲ್ ಇಳಿಯುವಷ್ಟು ಬದಲಿಸಿ. ಎಷ್ಟು ಓಮ್ ಅನ್ನುವುದನ್ನು ಸಾಫ್ಟ್‌ವೇರ್‌ನಲ್ಲೇ ನೋಡಿಕೊಳ್ಳಿ. ಆ ಓಮ್‌ನ ಆಚೆಈಚೆ ಎರಡು ರೆಸಿಸ್ಟರ್ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಒಂದು ಬದಲಾವಣೆ ಮಾಡಿದ ಮೇಲೆ ಒಂದು ವಾರ ಹಾಗೇ ಬಿಟ್ಟು ಕೇಳಿ, ಆಮೇಲೆ ಇನ್ನೊಂದು. ನನ್ನ ಜೊತೆಗೆ ಈ ಕೆಲಸ ಮುಗಿಯಲು ಮೂರು ವಾರ ಹಿಡಿಯಿತು. ಅದಾದ ಮೇಲೆಯೇ ಕ್ರಾಸ್‌ಓವರನ್ನು ಪೆಟ್ಟಿಗೆಯೊಳಗೆ ಕೂರಿಸಿ, ಹಿಂಬದಿಯ ಹಲಗೆಗೆ ಸ್ಕ್ರೂ ಹಾಕಿದೆ.